ಗಾಳಿಗೆ ತೂಕವಿದೆ ಅಂತ ಮಕ್ಕಳು ನಂಬುವುದು ಯಾವಾಗ?

ಒಂದು ತರಗತಿ ಕೋಣೆಯೊಳಗಿನ ಗಾಳಿ ಎಷ್ಟು ತೂಗಬಹುದು? ಈ ಪ್ರಶ್ನೆ ಕೇಳಿದರೆ ಮಕ್ಕಳು ಮೊದಲು ನಗುತ್ತಾರೆ. ಆಮೇಲೆ ಯಾರೋ ಒಬ್ಬರು "ಹತ್ತು ಗ್ರಾಂ" ಅನ್ನುತ್ತಾರೆ. ಇನ್ನೊಬ್ಬರು ಧೈರ್ಯ ಮಾಡಿ "ಒಂದು ಕಿಲೋ" ಅನ್ನುತ್ತಾರೆ. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆ ಅಂತ ಇಟ್ಟುಕೊಳ್ಳಿ. 144 ಘನ ಮೀಟರ್ ಆಯಿತು. ಒಂದು ಘನ ಮೀಟರ್ ಗಾಳಿ ಹತ್ತಿರ ಹತ್ತಿರ 1.2 ಕಿಲೋ ತೂಗುತ್ತದೆ. ಅಂದರೆ ಆ ಕೋಣೆಯ ಗಾಳಿ 170 ಕಿಲೋಗೂ ಜಾಸ್ತಿ.

ಬೋರ್ಡಿನ ಮೇಲೆ ಈ ಲೆಕ್ಕ ಮಾಡಿ ತೋರಿಸಿದರೆ ಮಕ್ಕಳು ಒಪ್ಪಿಕೊಳ್ಳುತ್ತಾರೆ. ಆದರೆ ನಂಬುವುದಿಲ್ಲ. ಮುಖ ನೋಡಿದರೇ ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ಕೇಳಿದರೆ ಸಾರಜನಕ 78 ಭಾಗ, ಆಮ್ಲಜನಕ 21 ಭಾಗ ಅಂತ ಥಟ್ಟನೆ ಬರೆಯುತ್ತಾರೆ. ಕೆಳಗೆ ಪರಿವರ್ತನ ಮಂಡಲ, ಅದರ ಮೇಲೆ ಸಮೋಷ್ಣ ಮಂಡಲ ಅಂತ ವಾತಾವರಣದ ಪದರಗಳ ಚಿತ್ರ ಬಿಡಿಸಿ ಬಣ್ಣ ತುಂಬುತ್ತಾರೆ. ಅಷ್ಟಾದ ಮೇಲೂ ಅವರ ಮನಸ್ಸಿನಲ್ಲಿ ಗಾಳಿ ಅಂದರೆ ಏನೂ ಇಲ್ಲದ ಜಾಗ. ಖಾಲಿ ಲೋಟ ಅನ್ನುತ್ತಾರಲ್ಲ, ಹಾಗೆ.

ವಿಜ್ಞಾನ ಹೇಳಿಕೊಡುವ ನನಗೆ ಇದು ಬಹಳ ದಿನ ಕಾಡಿದ ವಿಷಯ. ಉತ್ತರದ ದಾರಿ ಸಿಕ್ಕಿದ್ದು ಪಠ್ಯಪುಸ್ತಕದಲ್ಲಲ್ಲ, ಒಬ್ಬ ಕಲಾವಿದನ ಕೆಲಸದಲ್ಲಿ.

ಅರ್ಜೆಂಟೀನಾದಲ್ಲಿ 1973ರಲ್ಲಿ ಹುಟ್ಟಿ, ವಾಸ್ತುಶಿಲ್ಪ ಓದಿ, ಬರ್ಲಿನ್‌ನಲ್ಲಿ ನೆಲೆಸಿರುವ ತೋಮಾಸ್ ಸರಸೇನೋ ಎಂಬ ಕಲಾವಿದ 2007ರಲ್ಲಿ ಗೆಳೆಯರ ಜೊತೆ ಸೇರಿ ಒಂದು ಕೆಲಸ ಶುರು ಮಾಡಿದರು. ಹೆಸರು 'ಮ್ಯೂಸಿಯೋ ಏರೋ ಸೋಲಾರ್'. ಮಾಡುವುದು ಇಷ್ಟೇ. ಜನ ಬಳಸಿ ಬಿಟ್ಟ ಪ್ಲಾಸ್ಟಿಕ್ ಕವರ್‌ಗಳನ್ನು ತರುತ್ತಾರೆ. ಅವನ್ನು ಕತ್ತರಿಸಿ ಹಾಳೆ ಮಾಡುತ್ತಾರೆ. ಮೇಲೆ ಚಿತ್ರ ಬಿಡಿಸುತ್ತಾರೆ, ಏನಾದರೂ ಬರೆಯುತ್ತಾರೆ. ಹಾಳೆಗಳನ್ನು ಟೇಪು ಹಾಕಿ ಒಂದಕ್ಕೊಂದು ಅಂಟಿಸುತ್ತಾರೆ. ಸಾವಿರಾರು ಕವರ್ ಸೇರಿ ಒಂದು ದೊಡ್ಡ ಚೀಲವಾಗುತ್ತದೆ. ಫ್ಯಾನ್ ಇಟ್ಟು ಗಾಳಿ ತುಂಬಿದರೆ ಅದು ಉಬ್ಬುತ್ತದೆ. ಬಿಸಿಲು ಬಿದ್ದರೆ ಮೇಲೇಳುತ್ತದೆ. ಒಳಗೆ ಹೀಲಿಯಂ ಇಲ್ಲ, ಗ್ಯಾಸ್ ಬರ್ನರ್ ಇಲ್ಲ, ಸೋಲಾರ್ ಪ್ಯಾನೆಲ್ಲೂ ಇಲ್ಲ. ಬಿಸಿಲು, ಗಾಳಿ, ತೆಳ್ಳನೆಯ ಪ್ಲಾಸ್ಟಿಕ್. ಅಷ್ಟೇ. ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಜನ ಇದನ್ನು ಮಾಡುತ್ತಾ ಬಂದಿದ್ದಾರೆ.

ಇದೇ ಯೋಚನೆ ಮುಂದೆ 'ಏರೋಸೀನ್' ಎಂಬ ದೊಡ್ಡ ಯೋಜನೆಯಾಗಿ ಬೆಳೆಯಿತು. 2015ರಲ್ಲಿ ಪ್ಯಾರಿಸ್‌ನಲ್ಲಿ ಹವಾಮಾನ ಶೃಂಗಸಭೆ ನಡೆದಾಗ ಇವರ ತೇಲುವ ಗೋಳಗಳನ್ನು ಅಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಆಮೇಲೆ ಬೆನ್ನಿಗೆ ಹಾಕಿಕೊಂಡು ಹೋಗಬಹುದಾದ ಒಂದು ಬ್ಯಾಗನ್ನೇ ಸಿದ್ಧಪಡಿಸಿದರು. ಬ್ಯಾಗಿನೊಳಗೆ ಮಡಚಿಟ್ಟ ಕಪ್ಪು ಬಲೂನು, ಹಗ್ಗ, ಗಾಳಿಯನ್ನು ಅಳೆಯುವ ಚಿಕ್ಕ ಸಾಧನಗಳು. ಅದನ್ನು ಮಾಡುವ ವಿಧಾನವನ್ನೂ ಎಲ್ಲರಿಗೂ ಸಿಗುವಂತೆ ಬಿಚ್ಚಿಟ್ಟರು. ಕಲಾವಿದರು ತಮ್ಮ ಕೆಲಸವನ್ನು ಹೀಗೆ ಬಿಟ್ಟುಕೊಡುವುದು ಅಪರೂಪ. ನನಗೆ ಅವರ ಬಗ್ಗೆ ಗೌರವ ಹುಟ್ಟಿದ್ದು ಮೊದಲು ಇಲ್ಲಿ.

ನಾನು ಮಕ್ಕಳ ಜೊತೆ ಮಾಡುವುದು ಇದರ ಚಿಕ್ಕ ರೂಪ. ಕಸದ ಬುಟ್ಟಿಗೆ ಹಾಕುವ ತೆಳ್ಳನೆಯ ಕಪ್ಪು ಚೀಲಗಳನ್ನು ಬಿಡಿಸಿ, ಹಾಳೆ ಮಾಡಿ, ಅಂಚಿಗೆ ಅಂಚು ಸೇರಿಸಿ ಟೇಪು ಹಚ್ಚುವುದು. ಕೇಳಲು ಸುಲಭ, ಆದರೆ ತಾಳ್ಮೆ ಬೇಕು. ಹಾಳೆ ಎಷ್ಟು ತೆಳ್ಳಗಿರುತ್ತದೆ ಅಂದರೆ ಉಸಿರು ತಗುಲಿದರೂ ಸುರುಳಿ ಸುತ್ತಿಕೊಳ್ಳುತ್ತದೆ. ಒಬ್ಬರು ಅಂಚು ಹಿಡಿದಿರಬೇಕು, ಇನ್ನೊಬ್ಬರು ಟೇಪು ಎಳೆಯಬೇಕು, ಮೂರನೆಯವರು ಬೆರಳಿನಿಂದ ಒತ್ತುತ್ತಾ ಹೋಗಬೇಕು. ಟೇಪು ಒಮ್ಮೆ ಅಂಟಿದರೆ ಬಿಡಿಸಲು ಆಗುವುದಿಲ್ಲ. ಜಗಳ ಆಡುವ ಮಕ್ಕಳು ಕೂಡ ಈ ಕೆಲಸದಲ್ಲಿ ಮೆತ್ತಗೆ ಮಾತಾಡುತ್ತಾರೆ. "ನೀನು ಹಿಡ್ಕೋ, ನಾನು ಹಚ್ತೀನಿ" ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ ಇರುತ್ತಾರೆ. ತಿಳಿ ಬಣ್ಣದ ಕವರ್‌ಗಳನ್ನು ಕತ್ತರಿಸಿ ನಡುನಡುವೆ ಕಿಟಕಿಗಳ ಹಾಗೆ ಕೂರಿಸುತ್ತೇವೆ. ಅದರ ಮೇಲೆ ಅವರವರಿಗೆ ಬೇಕಾದ ಚಿತ್ರ.

ಗಾಳಿ ತುಂಬುವುದಕ್ಕೆ ಫ್ಯಾನ್ ಇದ್ದರೆ ಬೇಗ ಆಗುತ್ತದೆ. ಆದರೆ ನನಗೆ ಇಷ್ಟ ಫ್ಯಾನ್ ಇಲ್ಲದೆ ತುಂಬುವುದು. ಚೀಲದ ಬಾಯನ್ನು ಇಬ್ಬರು ಅಗಲವಾಗಿ ತೆರೆದು ಹಿಡಿದುಕೊಂಡು ಮೈದಾನದಲ್ಲಿ ಓಡಬೇಕು. ಗಾಳಿ ತಾನೇ ಒಳಗೆ ನುಗ್ಗುತ್ತದೆ. ಬಾಯಿ ಮುಚ್ಚಿ ಹಿಡಿದರೆ ಆ ಗಾಳಿ ಅಲ್ಲೇ ಇರುತ್ತದೆ. ಈವರೆಗೆ 'ಏನೂ ಇಲ್ಲ' ಅಂದುಕೊಂಡಿದ್ದು ಈಗ ಒಂದು ಆಕಾರ ಪಡೆದು ಅವರ ಮುಂದೆ ಬಿದ್ದಿರುತ್ತದೆ. ತಳ್ಳಿದರೆ ತಿರುಗಿ ತಳ್ಳುತ್ತದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಆ ಹೊತ್ತಿನಲ್ಲಿ ನಾನು ಏನೂ ಹೇಳಿಕೊಡುವುದಿಲ್ಲ. ಸುಮ್ನೆ ಬಿಟ್ಟುಬಿಡುತ್ತೇನೆ, ಅವರು ಅದನ್ನು ಮುಟ್ಟಿ ನೋಡಲಿ ಅಂತ.

ಆಮೇಲೆ ಬಿಸಿಲಿನ ಸರದಿ. ಕಪ್ಪು ಹಾಳೆ ಬಿಸಿಲನ್ನು ಹೀರಿಕೊಂಡು ಬಿಸಿಯಾಗುತ್ತದೆ. ಅದಕ್ಕೆ ತಾಗಿದ ಒಳಗಿನ ಗಾಳಿಯೂ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಸಡಿಲವಾಗಿದ್ದ ಚೀಲದ ಸುಕ್ಕು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ, ಪ್ಲಾಸ್ಟಿಕ್ ಸಣ್ಣಗೆ ಪರಪರ ಅನ್ನುತ್ತದೆ. ರಾತ್ರಿಯ ಇಬ್ಬನಿ ಹಾಳೆಗೆ ಅಂಟಿಕೊಂಡಿದ್ದರೆ ಅದು ಆರುವವರೆಗೆ ಬಲೂನು ಜಪ್ಪಯ್ಯ ಅಂದರೂ ಏಳುವುದಿಲ್ಲ. ಬಿಸಿಲಿನ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತಿರುತ್ತದೆ. ಆವಿಯಾಗಲು ಶಾಖ ಬೇಕು ಎಂಬ ಪಾಠವನ್ನು ಇಷ್ಟು ಚೆನ್ನಾಗಿ ಹೇಳಿಕೊಡುವ ಇನ್ನೊಂದು ವಸ್ತು ನನಗೆ ಗೊತ್ತಿಲ್ಲ. ಯಾಕೆಂದರೆ ಇಲ್ಲಿ ಮಕ್ಕಳಿಗೆ ಆತುರ ಇರುತ್ತದೆ. ಯಾಕೆ ಏಳುತ್ತಿಲ್ಲ ಅಂತ ಅವರೇ ಕೇಳುತ್ತಾರೆ.

ಹಾಳೆ ಆರಿದ ಮೇಲೆ ತುದಿ ಮೆಲ್ಲಗೆ ನೆಲ ಬಿಡುತ್ತದೆ. ಮೊದಲು ಮೇಲ್ಭಾಗ ಎದ್ದು ನಿಲ್ಲುತ್ತದೆ, ಬಾಯಿ ಇನ್ನೂ ನೆಲದಲ್ಲೇ ಎಳೆದಾಡುತ್ತಿರುತ್ತದೆ. ಹಿಡಿದ ಮಗುವಿನ ಕೈಯಲ್ಲಿ ದಾರ ಬಿಗಿಯಾಗುತ್ತದೆ. ಹೊರಗಿನ ಗಾಳಿ 20 ಡಿಗ್ರಿ, ಒಳಗಿನ ಗಾಳಿ 40 ಡಿಗ್ರಿ ಇದ್ದರೆ ಒಂದೊಂದು ಘನ ಮೀಟರಿನಲ್ಲೂ ಒಳಗಿನ ಗಾಳಿ ಹೊರಗಿನದಕ್ಕಿಂತ ಸುಮಾರು 75 ಗ್ರಾಂ ಹಗುರ. ಹೊರಗಿನ ಭಾರದ ಗಾಳಿ ಕೆಳಗೆ ಬಂದು ಇದನ್ನು ಮೇಲಕ್ಕೆ ಒತ್ತುತ್ತದೆ, ನೀರಿನೊಳಗೆ ಅದುಮಿ ಬಿಟ್ಟ ಚೆಂಡು ಮೇಲೇಳುವ ಹಾಗೆ. ಇಲ್ಲಿ ಮೇಲೆತ್ತುತ್ತಿರುವುದು ಬಿಸಿಲಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಸುತ್ತಲಿನ ಗಾಳಿಯ ತೂಕ. 170 ಕಿಲೋ ಲೆಕ್ಕವನ್ನು ಮಕ್ಕಳು ನಂಬುವುದು ಈಗ.

ಗಾತ್ರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮಕ್ಕಳು ಮೊದಲು ಚಿಕ್ಕ ಬಲೂನು ಮಾಡೋಣ ಅನ್ನುತ್ತಾರೆ, ಹಗುರ ಇರುತ್ತದೆ ಅಂತ. ಲೆಕ್ಕ ಹಾಕೋಣ ಅನ್ನುತ್ತೇನೆ. ಒಂದು ಚದರ ಮೀಟರಿಗೆ 11 ಗ್ರಾಂ ತೂಗುವ ಹಾಳೆ ಇದೆ ಅಂತಿಟ್ಟುಕೊಳ್ಳಿ. ಒಂದು ಮೀಟರ್ ವ್ಯಾಸದ ಗೋಳ ಮಾಡಿದರೆ ಹಾಳೆಯ ತೂಕವೇ 35 ಗ್ರಾಂ, ಸಿಗುವ ಎತ್ತುವ ಬಲ 40 ಗ್ರಾಂ. ಟೇಪು, ದಾರ ಸೇರಿಸಿದರೆ ಏಳುವುದು ಕಷ್ಟ. ಎರಡು ಮೀಟರ್ ಮಾಡಿದರೆ ಹಾಳೆ 140 ಗ್ರಾಂ, ಬಲ 300 ಗ್ರಾಮಿಗೂ ಜಾಸ್ತಿ. ನಾಲ್ಕು ಮೀಟರ್ ಮಾಡಿದರೆ ಹಾಳೆ ಅರ್ಧ ಕಿಲೋ ಚಿಲ್ಲರೆ, ಬಲ ಎರಡೂವರೆ ಕಿಲೋ. ವ್ಯಾಸ ದುಪ್ಪಟ್ಟಾದರೆ ಹಾಳೆ ನಾಲ್ಕರಷ್ಟು, ಒಳಗಿನ ಗಾಳಿ ಎಂಟರಷ್ಟು. ಗಣಿತದ ಪುಸ್ತಕದಲ್ಲಿ ವರ್ಗ, ಘನ ಅಂತ ಬರುವುದು ಇಲ್ಲಿ ಟೇಪಿನ ಉದ್ದವಾಗಿ, ದಾರದ ಎಳೆತವಾಗಿ ಕೈಗೆ ಸಿಗುತ್ತದೆ. ಒಬ್ಬ ಮನುಷ್ಯನನ್ನು ಎತ್ತಬೇಕಾದರೆ ಸಾವಿರ ಘನ ಮೀಟರಿಗೂ ದೊಡ್ಡ ಬಲೂನು ಬೇಕು ಅಂತ ಆಮೇಲೆ ಅವರೇ ಲೆಕ್ಕ ಹಾಕುತ್ತಾರೆ.

ಅಂಥ ಬಲೂನು ಆಗಿಯೂ ಇದೆ. 1981ರಲ್ಲಿ ಜೂಲಿಯನ್ ನಾಟ್ ಎಂಬ ಬಲೂನು ಸಾಹಸಿ ಬಿಸಿಲಿನ ಬಲೂನಿನಲ್ಲೇ ಇಂಗ್ಲಿಷ್ ಕಡಲ್ಗಾಲುವೆ ದಾಟಿದರು. ಅದನ್ನು ರೂಪಿಸಿದ ಡೊಮಿನಿಕ್ ಮೈಕೇಲಿಸ್ ಹೊರಗೆ ಪಾರದರ್ಶಕ ಪದರ, ಒಳಗೆ ಗಾಢ ಬಣ್ಣದ ಪದರ ಇಟ್ಟಿದ್ದರು. ಬಿಸಿಲು ಒಳಗೆ ಬರಲಿ, ಶಾಖ ಹೊರಗೆ ಹೋಗದಿರಲಿ ಅಂತ. ಇನ್ನೂ ಹಿಂದಕ್ಕೆ ಹೋದರೆ 1783. ಫ್ರಾನ್ಸಿನ ಮಾಂಟ್‌ಗಾಲ್ಫಿಯರ್ ಸಹೋದರರು ಹುಲ್ಲು, ಉಣ್ಣೆ ಸುಟ್ಟು ಬಲೂನು ಏರಿಸಿದರು. ಹೊಗೆಯಲ್ಲೇ ಏನೋ ಎತ್ತುವ ಶಕ್ತಿ ಇದೆ ಅಂತ ಅವರು ನಂಬಿದ್ದರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ವರ್ಸೇಲ್ಸ್‌ನಲ್ಲಿ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು ಬುಟ್ಟಿಯಲ್ಲಿಟ್ಟು ಮೇಲೆ ಕಳಿಸಿದರು. ಮೇಲಿನ ಗಾಳಿಯಲ್ಲಿ ಜೀವಿಗಳು ಬದುಕುತ್ತವೋ ಇಲ್ಲವೋ ಅಂತ ಯಾರಿಗೂ ಖಾತ್ರಿ ಇರಲಿಲ್ಲ. ಈ ಕಥೆ ಹೇಳಿದಾಗ ಮಕ್ಕಳಿಗೆ ಒಂದು ವಿಷಯ ಅರ್ಥವಾಗುತ್ತದೆ. ವಾತಾವರಣದ ಪದರಗಳ ಚಿತ್ರ ಯಾರಿಗೂ ಸಿದ್ಧವಾಗಿ ಸಿಕ್ಕಿದ್ದಲ್ಲ. ಯಾರೋ ಹೋಗಿ ನೋಡಿ ಬಂದಿದ್ದು.

ನಿಜವಾಗಿ ನನಗೆ ಖುಷಿ ಕೊಡುವ ಭಾಗ ಇನ್ನು ಮುಂದಿನದು. ದೊಡ್ಡ ಬಲೂನು ಮಾಡಿದಾಗ ಗಾಳಿ ತುಂಬುತ್ತಿರುವಾಗಲೇ ಅದರೊಳಗೆ ನಡೆದು ಹೋಗಬಹುದು. ಮ್ಯೂಸಿಯೋ ಏರೋ ಸೋಲಾರ್‌ನಲ್ಲೂ ಜನ ಒಳಗೆ ಹೋಗಿ ನಿಲ್ಲುತ್ತಾರೆ. ಬಾಯಿ ಪೂರ್ತಿ ತೆರೆದಿರಬೇಕು, ಫ್ಯಾನ್ ಓಡುತ್ತಿರಬೇಕು, ಜೊತೆಗೆ ದೊಡ್ಡವರು ಇರಲೇಬೇಕು. ಒಳಗೆ ನಿಂತರೆ ಕೆನ್ನೆಗೆ ಬಿಸಿ. ಕೂತರೆ ತಂಪು. ಎದ್ದು ಕೈ ಮೇಲೆತ್ತಿದರೆ ಇನ್ನೂ ಬಿಸಿ. ಒಂದೇ ಮೈಯಲ್ಲಿ ಪಾದಕ್ಕೊಂದು ಹವೆ, ತಲೆಗೊಂದು ಹವೆ.

ಹೀಗೆ ಕೂತು ಎದ್ದು ನೋಡಿದ ಹುಡುಗಿಯೊಬ್ಬಳು ಕೇಳಿದಳು, "ಟೀಚರ್, ಇದರೊಳಗೆ ಮೇಲೆ ಹೋದಷ್ಟೂ ಬಿಸಿ. ಆದರೆ ಬೆಟ್ಟದ ಮೇಲೆ ಹೋದಷ್ಟೂ ಚಳಿ ಅಂತ ಓದಿದ್ವಲ್ಲ. ಬಿಸಿ ಗಾಳಿ ಮೇಲೆ ಹೋಗುತ್ತೆ ಅಂದ್ರೆ ಆಕಾಶದ ಮೇಲ್ಗಡೆ ಬಿಸಿ ಇರ್ಬೇಕಲ್ವಾ?"

ವಾತಾವರಣ ವಿಜ್ಞಾನದ ಅರ್ಧ ಈ ಒಂದು ಪ್ರಶ್ನೆಯಲ್ಲಿದೆ. ಬಿಸಿಲಿನ ಬಹುಭಾಗ ಗಾಳಿಯನ್ನು ದಾಟಿ ಸೀದಾ ನೆಲಕ್ಕೆ ಬೀಳುತ್ತದೆ. ಬಿಸಿಯಾಗುವುದು ನೆಲ. ನೆಲ ಗಾಳಿಯನ್ನು ಕೆಳಗಿನಿಂದ ಬಿಸಿ ಮಾಡುತ್ತದೆ. ಆ ಬಿಸಿ ಗಾಳಿ ಮೇಲೇರುತ್ತದೆ, ನಿಜ. ಆದರೆ ಮೇಲೆ ಒತ್ತಡ ಕಡಿಮೆ. ಹಾಗಾಗಿ ಏರುತ್ತಾ ಏರುತ್ತಾ ಅದು ಹಿಗ್ಗುತ್ತದೆ. ಹಿಗ್ಗುವಾಗ ಸುತ್ತಲಿನ ಗಾಳಿಯನ್ನು ತಳ್ಳಬೇಕು. ತಳ್ಳುವುದಕ್ಕೆ ತನ್ನ ಶಾಖವನ್ನೇ ಖರ್ಚು ಮಾಡುತ್ತದೆ. ಒಣ ಗಾಳಿ ಒಂದು ಕಿಲೋಮೀಟರ್ ಏರಿದರೆ ಹತ್ತಿರ ಹತ್ತಿರ 10 ಡಿಗ್ರಿ ತಣ್ಣಗಾಗುತ್ತದೆ. ಆವಿ, ಮೋಡ ಎಲ್ಲ ಸೇರಿ ಸರಾಸರಿ ನೋಡಿದರೆ ಕಿಲೋಮೀಟರಿಗೆ 6.5 ಡಿಗ್ರಿ ಇಳಿಯುತ್ತದೆ. ನಮ್ಮ ಬಲೂನಿನೊಳಗೆ ಮೂರ್ನಾಲ್ಕು ಮೀಟರ್ ಎತ್ತರಕ್ಕೆ ಒತ್ತಡ ಅಷ್ಟೇನೂ ಬದಲಾಗುವುದಿಲ್ಲ. ಅದಕ್ಕೇ ಅಲ್ಲಿ ಬಿಸಿ ಗಾಳಿ ಮೇಲೆ ಹೋಗಿ ಬಿಸಿಯಾಗಿಯೇ ಕೂರುತ್ತದೆ.

ಇನ್ನೂ ಮೇಲೆ ಹೋದರೆ ಕಥೆ ಮತ್ತೆ ತಿರುಗುತ್ತದೆ. ಸಮೋಷ್ಣ ಮಂಡಲದಲ್ಲಿ ಓಜೋನ್ ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಮೇಲೆ ಹೋದಷ್ಟೂ ಬಿಸಿ ಜಾಸ್ತಿ. ಬಿಸಿ ಪದರ ಮೇಲೆ, ತಣ್ಣನೆಯದು ಕೆಳಗೆ. ಅಂಥ ಕಡೆ ಗಾಳಿ ಮೇಲೆ ಕೆಳಗೆ ಕಲಕಿಕೊಳ್ಳುವುದಿಲ್ಲ. ಬಲೂನಿನ ಒಳಗೆ ಹೇಗೆ ಅಲುಗಾಡದೆ ಕೂತಿರುತ್ತದೋ ಹಾಗೆಯೇ. ಆ ಹುಡುಗಿ ಬಲೂನಿನೊಳಗೆ ಕೂತು ಎದ್ದು ನೋಡಿದ್ದು ಸಮೋಷ್ಣ ಮಂಡಲದ ನಡತೆಯನ್ನೇ. ಪದರಗಳ ಹೆಸರು ಬಾಯಿಪಾಠ ಮಾಡಿಸುವುದಕ್ಕಿಂತ ಈ ಒಂದು ಮಾತುಕತೆ ದೊಡ್ಡದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಹೊತ್ತಿನ ಆಯ್ಕೆಯೂ ಒಂದು ಪಾಠ. ಬಿಸಿಲು ಬೇಕು ಅಂದಮೇಲೆ ಮಧ್ಯಾಹ್ನವೇ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಬಲೂನು ಬಿಡಲು ಸರಿಯಾದ ಹೊತ್ತು ಬೆಳಗ್ಗೆ. ರಾತ್ರಿಯಿಡೀ ನೆಲ ತಣ್ಣಗಾಗಿ, ಅದರ ಮೇಲಿನ ಗಾಳಿಯೂ ತಣ್ಣಗಾಗಿ ಭಾರವಾಗಿ ಕೂತಿರುತ್ತದೆ. ತಣ್ಣನೆ ಗಾಳಿ ಅಂದರೆ ಎತ್ತುವ ಬಲ ಜಾಸ್ತಿ. ಬೀಸುವಿಕೆಯೂ ಕಡಿಮೆ. ಬಿಸಿಲು ಏರಿದ ಹಾಗೆ ನೆಲ ಕಾಯುತ್ತದೆ, ಬಿಸಿ ಗಾಳಿಯ ಉಂಡೆಗಳು ಅಲ್ಲಲ್ಲಿ ಮೇಲೇಳಲು ಶುರುವಾಗುತ್ತವೆ. ಆಗ ಗಾಳಿ ಎಲ್ಲಿಂದಲೋ ಬಂದು ಬಲೂನನ್ನು ಅಡ್ಡ ಕೆಡವುತ್ತದೆ. ನಾವು ಬಳಸುವ ಬಿಸಿಲೇ ಸ್ವಲ್ಪ ಹೊತ್ತಾದ ಮೇಲೆ ನಮ್ಮ ಆಟ ನಿಲ್ಲಿಸುತ್ತದೆ. ಹಾಗಾಗಿ ಸಿಗುವುದು ಚಿಕ್ಕ ಅವಕಾಶ. ಅದನ್ನು ಹಿಡಿಯಲು ಮಕ್ಕಳು ಹಿಂದಿನ ದಿನವೇ ಹವಾಮಾನ ಮುನ್ಸೂಚನೆ ನೋಡಿಕೊಂಡು ಬರುತ್ತಾರೆ. ಮನೆಯಲ್ಲಿ ಯಾರೂ ಹೇಳದಿದ್ದರೂ.

ಬಲೂನು ಮೇಲಿರುವಾಗ ಒಂದು ಮೋಡದ ತುಣುಕು ಸೂರ್ಯನಿಗೆ ಅಡ್ಡ ಬಂದರೆ ನೋಡಬೇಕು. ಹಾಳೆ ತೆಳ್ಳಗಿರುವುದರಿಂದ ಶಾಖ ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ನೋಡನೋಡುತ್ತಿದ್ದ ಹಾಗೆ ಬಲೂನು ಮೆತ್ತಗಾಗಿ ಕೆಳಗಿಳಿಯುತ್ತದೆ. ಮೋಡ ಸರಿದರೆ ಮತ್ತೆ ಏರುತ್ತದೆ. ಮೋಡದ ನೆರಳಿಗೂ ನಮ್ಮ ಬಲೂನಿನ ಎತ್ತರಕ್ಕೂ ಇರುವ ನಂಟು ದಾರ ಹಿಡಿದವರಿಗೆ ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ.

ಇದು ಕಲೆಯೋ ವಿಜ್ಞಾನವೋ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಚಿತ್ರ ಬಿಡಿಸುವುದರಲ್ಲಿ ಯಾಕೆ ಸಮಯ ಹಾಳು, ಸೀದಾ ಕಪ್ಪು ಬಲೂನು ಹಾರಿಸಿ ಅಳತೆ ತೆಗೆದರೆ ಸಾಲದೇ ಅಂತ. ಸಾಲದು ಅನ್ನುವುದು ನನ್ನ ಅಭಿಪ್ರಾಯ. ಬರೀ ಪ್ರಯೋಗ ಅಂದರೆ ಮಕ್ಕಳು ಉತ್ತರ ಸಿಕ್ಕ ಕೂಡಲೇ ಎದ್ದು ಹೋಗುತ್ತಾರೆ. ತಾವು ಚಿತ್ರ ಬಿಡಿಸಿದ ತುಣುಕು ಅದರಲ್ಲಿ ಇದ್ದರೆ ಹಾಗಲ್ಲ. ತಮ್ಮ ಹಾಳೆ ಎಲ್ಲಿದೆ ಅಂತ ಹುಡುಕುತ್ತಾರೆ. ಅದರ ಹಿಂದೆ ಬಿಸಿಲು ಬಂದಾಗ ಬಣ್ಣ ಹೇಗೆ ಕಾಣುತ್ತದೆ ಅಂತ ನೋಡುತ್ತಾರೆ. ತಿಳಿ ಹಾಳೆಯ ಭಾಗ ಕಡಿಮೆ ಬಿಸಿ, ಕಪ್ಪು ಭಾಗ ಜಾಸ್ತಿ ಬಿಸಿ ಅಂತ ಮುಟ್ಟಿ ಕಂಡುಕೊಳ್ಳುತ್ತಾರೆ. ಬಲೂನು ಒಂದು ಕಡೆಗೆ ವಾಲಿದರೆ ಯಾರ ಚಿತ್ರದ ಕಡೆಗೆ ಟೇಪು ಜಾಸ್ತಿ ಆಯಿತು ಅಂತ ಚರ್ಚೆ ಮಾಡುತ್ತಾರೆ. ತುಂಬಾ ಹೊತ್ತು ನೋಡುವುದನ್ನು ಕಲೆ ಕಲಿಸುತ್ತದೆ. ವಾತಾವರಣವನ್ನು ಅರ್ಥ ಮಾಡಿಕೊಳ್ಳಲು ಮೊದಲು ಬೇಕಾಗಿರುವುದೂ ಅದೇ.

ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯ ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡಿದೆ. 2012ರಲ್ಲಿ ಅಲ್ಲಿನ ಕಲೆ, ವಿಜ್ಞಾನ, ತಂತ್ರಜ್ಞಾನ ಕೇಂದ್ರ ಸರಸೇನೋ ಅವರನ್ನು ತನ್ನ ಮೊದಲ ಅತಿಥಿ ಕಲಾವಿದರಾಗಿ ಕರೆಸಿಕೊಂಡಿತು. ವಾತಾವರಣ ವಿಜ್ಞಾನಿ ಲೊಡೊವಿಕಾ ಇಲ್ಲಾರಿ, ಗ್ಲೆನ್ ಫ್ಲೀರ್ಲ್ ಮೊದಲಾದವರು ಅವರ ಜೊತೆ ಕೆಲಸ ಮಾಡಿದರು. ಅದರಿಂದ ಬಂದಿದ್ದು 'ಫ್ಲೋಟ್ ಪ್ರಿಡಿಕ್ಟರ್'. ಒಂದು ಊರಿನಿಂದ ಬಲೂನು ಬಿಟ್ಟರೆ ಗಾಳಿಯ ಜೊತೆ ಅದು ಎಲ್ಲಿಗೆ ಹೋಗಿ ಸೇರಬಹುದು ಅಂತ ಭೂಪಟದ ಮೇಲೆ ಗೆರೆ ಎಳೆದು ತೋರಿಸುವ ತಂತ್ರಾಂಶ. ಹವಾಮಾನ ಮುನ್ಸೂಚನೆಯ ಗಾಳಿಯ ಲೆಕ್ಕವನ್ನೇ ಅದು ಬಳಸುತ್ತದೆ.

ಬಲೂನಿಗೆ ಸ್ಟೀರಿಂಗ್ ಇಲ್ಲ. ಗಾಳಿ ಹೋದ ಕಡೆಗೇ ಹೋಗಬೇಕು. ಆದರೆ ಎತ್ತರ ಬದಲಾದರೆ ಗಾಳಿಯ ದಿಕ್ಕೂ ವೇಗವೂ ಬದಲಾಗುತ್ತದೆ. ಒಂದೇ ಊರಿನ ಮೇಲೆ ಕೆಳಗೊಂದು ಕಡೆಗೆ, ಮೇಲೊಂದು ಕಡೆಗೆ ಗಾಳಿ ಬೀಸುತ್ತಿರಬಹುದು. ಎಲ್ಲಿಗಾದರೂ ಹೋಗಬೇಕಾದರೆ ಸರಿಯಾದ ಎತ್ತರ ಹುಡುಕಬೇಕು, ಸರಿಯಾದ ದಿನಕ್ಕೆ ಕಾಯಬೇಕು. ಮಕ್ಕಳಿಗೆ ಇದು ಹೊಸದು. ಅವರು ನೋಡಿದ ನಕಾಶೆಗಳಲ್ಲಿ ರಸ್ತೆ ಯಾವಾಗಲೂ ಇದ್ದಲ್ಲೇ ಇರುತ್ತದೆ.

ಇಲ್ಲಾರಿ ಮತ್ತು ಜಾನ್ ಮಾರ್ಷಲ್ ಎಂಐಟಿಯಲ್ಲಿ ರೂಪಿಸಿದ ಇನ್ನೊಂದು ಪ್ರಯೋಗವೂ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ತಿರುಗುವ ಮೇಜಿನ ಮೇಲೆ ನೀರಿನ ತೊಟ್ಟಿ. ನಡುವೆ ಐಸ್ ತುಂಬಿದ ಡಬ್ಬ, ಅದು ಧ್ರುವ. ತೊಟ್ಟಿಯ ಅಂಚು ಸಮಭಾಜಕ. ನೀರಿಗೆ ಬಣ್ಣ ಹಾಕುತ್ತಾರೆ. ಮೇಜು ನಿಧಾನಕ್ಕೆ ತಿರುಗಿದರೆ ಬಣ್ಣ ಅಚ್ಚುಕಟ್ಟಾಗಿ ಸುತ್ತು ಹಾಕುತ್ತದೆ. ಜೋರಾಗಿ ತಿರುಗಿಸಿದರೆ ಬಣ್ಣ ಅಲೆ ಅಲೆಯಾಗಿ ಮುರಿದು ಸುಳಿಗಳಾಗುತ್ತದೆ. ಭೂಮಿಯ ನಡು ಅಕ್ಷಾಂಶಗಳಲ್ಲಿ ದಿನವೂ ಹವೆ ಬದಲಾಗುವುದು ಇಂಥ ಸುಳಿಗಳಿಂದಲೇ. ಫ್ಲೋಟ್ ಪ್ರಿಡಿಕ್ಟರ್ ಎಳೆದ ಗೆರೆಗಳು ಯಾಕೆ ಅಷ್ಟು ಅಂಕುಡೊಂಕು ಅಂತ ಈ ತೊಟ್ಟಿ ನೋಡಿದವರಿಗೆ ಬೇರೆ ಹೇಳಬೇಕಿಲ್ಲ.

ಸೂರ್ಯ ಮುಳುಗಿದ ಮೇಲೆ ಬಲೂನು ಏನಾಗುತ್ತದೆ? ಕೆಳಗಿಳಿಯುತ್ತದೆ. ಹಾಗಿದ್ದರೆ ರಾತ್ರಿಯೂ ಹಾರಿಸಲು ಸಾಧ್ಯವೇ ಇಲ್ಲವಾ? ಸಾಧ್ಯ ಇದೆ. ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಅಂಥ ಬಲೂನುಗಳನ್ನು ಮಾಡಿದೆ. ಹಗಲಲ್ಲಿ ಬಿಸಿಲು ಸಾಕು. ರಾತ್ರಿ ಅದನ್ನು ಕಾಯಿಸುವುದು ಭೂಮಿ. ನೆಲ, ಸಮುದ್ರ ಎಲ್ಲವೂ ರಾತ್ರಿಯಿಡೀ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಲ್ಲಿ ಶಾಖ ಬಿಡುತ್ತಿರುತ್ತವೆ. ಬಲೂನಿನ ಮೇಲರ್ಧ ಅಲ್ಯೂಮಿನಿಯಂ ಲೇಪದ್ದು. ಕೆಳಗಿನಿಂದ ಬಂದ ಶಾಖವನ್ನು ಅದು ಹಿಡಿದುಕೊಳ್ಳುತ್ತದೆ, ಆಕಾಶಕ್ಕೆ ಜಾಸ್ತಿ ಬಿಟ್ಟುಕೊಡುವುದಿಲ್ಲ. ಇಂಥ ಬಲೂನುಗಳು ಸಮೋಷ್ಣ ಮಂಡಲದಲ್ಲಿ ವಾರಗಟ್ಟಲೆ ತೇಲಿವೆ, ಭೂಮಿಯನ್ನೇ ಸುತ್ತಿವೆ. ಕೆಳಗೆ ಎತ್ತರದ, ತಣ್ಣನೆಯ ಮೋಡ ಬಂದರೆ ಬರುವ ಶಾಖ ಕಡಿಮೆಯಾಗಿ ಬಲೂನು ಇಳಿಯುತ್ತದೆ. ಹಸಿರುಮನೆ ಪರಿಣಾಮ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಭೂಮಿ ಶಾಖ ಬಿಡುತ್ತದೆ, ನಡುವೆ ಏನೋ ಬಂದು ತಡೆಯುತ್ತದೆ ಅನ್ನುವುದೇ ಅಲ್ಲವೇ ಆ ಪಾಠ? ಇಲ್ಲಿ ಅದು ಬಲೂನಿನ ಏರಿಳಿತದಲ್ಲೇ ಕಾಣುತ್ತದೆ.

ಸರಸೇನೋ ತಂಡದ ಎರಡು ಹಾರಾಟಗಳನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಒಂದು 2015ರಲ್ಲಿ, ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಮರಳುಗಾಡಿನಲ್ಲಿ. ಇಂಧನ ಏನೂ ಸುಡದೆ ಬರೀ ಬಿಸಿಲಿನಿಂದ ಮನುಷ್ಯರನ್ನು ಮೇಲೆತ್ತಿದ್ದು. ಅದೇ ಸೀಮೆಯಲ್ಲಿ 1945ರ ಜುಲೈನಲ್ಲಿ ಜಗತ್ತಿನ ಮೊದಲ ಅಣುಬಾಂಬ್ ಪರೀಕ್ಷೆ ನಡೆದಿತ್ತು. ಇನ್ನೊಂದು 2020ರ ಜನವರಿಯಲ್ಲಿ, ಅರ್ಜೆಂಟೀನಾದ ಸಲಿನಾಸ್ ಗ್ರಾಂದೆಸ್ ಎಂಬ ಉಪ್ಪಿನ ಬಯಲಿನಲ್ಲಿ. ಸಮುದ್ರ ಮಟ್ಟದಿಂದ 3,400 ಮೀಟರಿನಷ್ಟು ಎತ್ತರ. ಲೆಟಿಸಿಯಾ ಮಾರ್ಕೆಸ್ ಎಂಬ ಪೈಲಟ್ ಅದರಲ್ಲಿ ಹಾರಿ 32 ವಿಶ್ವ ದಾಖಲೆ ಮಾಡಿದರು.

ಎರಡೂ ಕಡೆ ನೆಲ ಬೆಳ್ಳಗಿದೆ ಅನ್ನುವುದನ್ನು ಗಮನಿಸಿ. ಬಿಳಿ ನೆಲ ಬಿಸಿಲನ್ನು ತಿರುಗಿ ಮೇಲಕ್ಕೆ ಎರಚುತ್ತದೆ. ಬಲೂನಿನ ಹೊಟ್ಟೆಯ ಕೆಳಭಾಗಕ್ಕೂ ಬಿಸಿಲು ಸಿಗುತ್ತದೆ. ಬಿಸಿಲನ್ನು ಹೀಗೇ ಎರಚುವ ಬಿಳಿ ಹಿಮ ಕರಗಿದರೆ ಭೂಮಿ ಯಾಕೆ ಇನ್ನೂ ಬಿಸಿಯಾಗುತ್ತದೆ ಅನ್ನುವ ಪ್ರಶ್ನೆಗೆ ಇಲ್ಲಿಂದ ನೇರ ದಾರಿ ಇದೆ.

ಸಲಿನಾಸ್ ಗ್ರಾಂದೆಸ್ ಬಲೂನಿನ ಮೇಲೆ ಅಲ್ಲಿನ ಮೂಲನಿವಾಸಿ ಸಮುದಾಯಗಳ ಮಾತು ಬರೆದಿತ್ತು. ನೀರು ಮತ್ತು ಜೀವ ಲಿಥಿಯಂಗಿಂತ ಬೆಲೆಬಾಳುತ್ತವೆ ಅಂತ. ಬ್ಯಾಟರಿಗೆ ಬೇಕಾದ ಲಿಥಿಯಂ ಆ ಉಪ್ಪುನೀರಿನಲ್ಲಿದೆ. ತೆಗೆಯಲು ಹೊರಟರೆ ಒಣ ಸೀಮೆಯ ನೀರಿಗೇ ಕುತ್ತು. ಈ ವಿಷಯ ತರಗತಿಯಲ್ಲಿ ಎತ್ತಬೇಕಾ ಅಂತ ಕೆಲವರು ಹಿಂದೇಟು ಹಾಕುತ್ತಾರೆ. ಎತ್ತಲೇಬೇಕು ಅನ್ನುತ್ತೇನೆ ನಾನು. ಗಾಳಿ ಬಿಸಿಯಾಗದಿರಲಿ ಅಂತ ನಾವು ಬ್ಯಾಟರಿ ಗಾಡಿಗೆ ಬದಲಾದರೆ ಎಲ್ಲೋ ದೂರದಲ್ಲಿ ಯಾರದೋ ನೀರು ಹೋಗಬಹುದು. ಹದಿಮೂರು ವರ್ಷದ ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಚರ್ಚಿಸುತ್ತಾರೆ. ಸುಲಭದ ಉತ್ತರ ಇಲ್ಲ ಅಂದರೆ ಅವರು ಹೆದರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಸರಸೇನೋ ಜೊತೆ ಪೂರ್ತಿ ಇಲ್ಲ. ಪಳೆಯುಳಿಕೆ ಇಂಧನ ಬಿಟ್ಟು ಗಾಳಿಯ ಜೊತೆ ತೇಲುವ ಒಂದು ಹೊಸ ಯುಗವೇ ಬರಲಿ ಅನ್ನುವುದು ಅವರ ಕನಸು. ಬಿಸಿಲಿನ ಬಲೂನು ವಿಮಾನದ ಜಾಗ ತುಂಬುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಕಲಿಸುವ ವಸ್ತುವಾಗಿ ಅದಕ್ಕೆ ಇರುವ ಶಕ್ತಿ ಆ ಕನಸಿಗಿಂತ ದೊಡ್ಡದು ಅಂತ ಬಲವಾಗಿ ಅನ್ನಿಸುತ್ತದೆ.

ಇದು ಬರೀ ಮಕ್ಕಳಾಟ ಅನ್ನುವವರಿಗೆ ಹೇಳಲು ನನ್ನ ಹತ್ತಿರ ಇನ್ನೊಂದು ಕಥೆ ಇದೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿದ್ದ ಡೇನಿಯಲ್ ಬೋಮನ್ ಮತ್ತು ಜೊತೆಗಾರರು ಬಣ್ಣ ಬಳಿಯುವವರು ನೆಲಕ್ಕೆ ಹಾಸುವ ತೆಳು ಪ್ಲಾಸ್ಟಿಕ್ ಹಾಳೆ, ಪ್ಯಾಕಿಂಗ್ ಟೇಪು, ಇದ್ದಿಲ ಪುಡಿ ಇಷ್ಟರಿಂದಲೇ ಬಲೂನು ಮಾಡುತ್ತಾರೆ. ಪಾರದರ್ಶಕ ಹಾಳೆಯ ಒಳಗೆ ಇದ್ದಿಲ ಪುಡಿ ಹಾಕಿ ಕಪ್ಪು ಮಾಡುತ್ತಾರೆ. ಅದು 20 ಕಿಲೋಮೀಟರಿಗೂ ಮೇಲೆ ಹೋಗುತ್ತದೆ. ಅಲ್ಲಿ ಗಾಳಿಯ ಒತ್ತಡ ನೆಲದ ಮಟ್ಟದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು. ನಮ್ಮ ಕಿವಿಗೆ ಕೇಳದ, ತೀರಾ ತಗ್ಗಿನ ಸದ್ದುಗಳನ್ನು ಹಿಡಿಯುವ ಸಾಧನವನ್ನು ಅದಕ್ಕೆ ಕಟ್ಟಿರುತ್ತಾರೆ. 2019ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ರಿಡ್ಜ್‌ಕ್ರೆಸ್ಟ್‌ನಲ್ಲಿ ಭೂಕಂಪದ ನಂತರದ ಕಂಪನಗಳು ಬರುತ್ತಿದ್ದಾಗ ಇಂಥದೇ ಒಂದು ಬಲೂನು 4.2 ತೀವ್ರತೆಯ ಕಂಪನದ ಸದ್ದನ್ನು ಆಕಾಶದಲ್ಲಿ ತೇಲುತ್ತಲೇ ಹಿಡಿಯಿತು. ನೆಲದ ನಡುಕವನ್ನು ಗಾಳಿಯಲ್ಲಿ ಕೇಳಿಸಿಕೊಂಡಿದ್ದು.

ನಾಸಾದ ಜೆಪಿಎಲ್ ಪ್ರಯೋಗಾಲಯದ ವಿಜ್ಞಾನಿಗಳು ಇದರಲ್ಲಿ ಕೈಜೋಡಿಸಿದ್ದು ಶುಕ್ರ ಗ್ರಹದ ಸಲುವಾಗಿ. ಶುಕ್ರನ ನೆಲ 460 ಡಿಗ್ರಿಗೂ ಜಾಸ್ತಿ ಕಾದಿರುತ್ತದೆ, ಅಲ್ಲಿ ಯಂತ್ರಗಳು ಬಾಳುವುದಿಲ್ಲ. 55 ಕಿಲೋಮೀಟರ್ ಮೇಲೆ ಮಾತ್ರ ಒತ್ತಡ, ಉಷ್ಣಾಂಶ ಎರಡೂ ಸಹಿಸುವ ಹಾಗಿವೆ. 1985ರಲ್ಲೇ ಸೋವಿಯತ್ ಒಕ್ಕೂಟದ ವೇಗಾ ನೌಕೆಗಳು ಅಲ್ಲಿ ಎರಡು ಬಲೂನು ತೇಲಿಬಿಟ್ಟಿದ್ದವು. ಒಂದೊಂದೂ ಎರಡು ದಿನದ ಹತ್ತಿರ ಸುದ್ದಿ ಕಳಿಸಿತು. ಶುಕ್ರನ ಭೂಕಂಪಗಳನ್ನು ಮುಂದೆ ಬಲೂನಿನಿಂದಲೇ ಕೇಳಿಸಿಕೊಳ್ಳಬಹುದು. ಈ ಕಥೆ ಹೇಳಿ ಮುಗಿಸಿದರೆ ಮಕ್ಕಳು ತಮ್ಮ ಕೈಯಲ್ಲಿರುವ ಟೇಪಿನ ಸುರುಳಿಯನ್ನು ಬೇರೆ ಥರ ನೋಡುತ್ತಾರೆ.

ಮಾಡಲು ಹೊರಡುವವರಿಗೆ ಕೆಲವು ಮಾತು. ವಿದ್ಯುತ್ ತಂತಿ, ವಿಮಾನ ನಿಲ್ದಾಣ ಹತ್ತಿರ ಇರಬಾರದು. ನಿಮ್ಮಲ್ಲಿನ ನಿಯಮ ಏನು ಅಂತ ಮೊದಲೇ ತಿಳಿದುಕೊಳ್ಳಿ. ದಾರವಿಲ್ಲದೆ ಬಿಡುವುದು ಬೇಡವೇ ಬೇಡ. ಎಲ್ಲೋ ಹೋಗಿ ಬಿದ್ದರೆ ಅದು ಕಸ, ಪ್ರಾಣಿಗಳ ಹೊಟ್ಟೆ ಸೇರಬಹುದು. ತೆಳು ಚೀಲವನ್ನು ಯಾರೂ ತಲೆಗೆ ಹಾಕಿಕೊಳ್ಳದ ಹಾಗೆ ಕಣ್ಣಿಟ್ಟಿರಬೇಕು. ಬಲೂನು ನೋಡುವ ಭರದಲ್ಲಿ ಸೂರ್ಯನನ್ನು ನೇರ ನೋಡಬಾರದು. ಗಾಳಿ ಜೋರಾದರೆ ಇಳಿಸಿಬಿಡಿ. ಗಾಳಿಯ ವೇಗ ದುಪ್ಪಟ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ, ನಾಲ್ಕು ಮೀಟರ್ ಬಲೂನು ಚಿಕ್ಕ ಮಕ್ಕಳನ್ನು ಎಳೆದುಕೊಂಡು ಹೋಗಬಲ್ಲದು. ಇಳಿಸಿದ ಮೇಲೆ ಮಡಚಿ ಎತ್ತಿಡಿ, ಹರಿದ ಕಡೆ ತೇಪೆ ಹಾಕಿ ಮತ್ತೆ ಬಳಸಿ. ನಮ್ಮ ಬಲೂನಿನಲ್ಲಿ ಈಗ ಹಾಳೆಗಿಂತ ತೇಪೆಯೇ ಜಾಸ್ತಿ ಕಾಣುತ್ತದೆ. ಪ್ರತಿ ತೇಪೆಯೂ ತೂಕ ಅಂತ ಮಕ್ಕಳು ಈಗ ಟೇಪನ್ನು ಅಳೆದು ಕತ್ತರಿಸುತ್ತಾರೆ.

ಮುಂದಿನ ಸಲಕ್ಕೆ ಅವರದೇ ಒಂದು ಯೋಜನೆ ಸಿದ್ಧವಾಗಿದೆ. ದಾರದ ಉದ್ದಕ್ಕೂ ಅಲ್ಲಲ್ಲಿ ತೆಳ್ಳನೆಯ ಬಣ್ಣದ ಪಟ್ಟಿ ಕಟ್ಟಬೇಕಂತೆ. ಕೆಳಗಿನ ಪಟ್ಟಿ ಯಾವ ಕಡೆ ಹಾರುತ್ತದೆ, ಮೇಲಿನದು ಯಾವ ಕಡೆ ಅಂತ ಒಟ್ಟಿಗೇ ನೋಡಬಹುದು. ಬಲೂನಿನ ಒಳಗೊಂದು ಥರ್ಮಾಮೀಟರ್, ಹೊರಗೊಂದು. ಮೋಡ ಬಂದಾಗ ಒಳಗಿನದು ಎಷ್ಟು ಬೇಗ ಇಳಿಯುತ್ತದೆ ಅಂತ ಬರೆದುಕೊಳ್ಳಲು ಇಬ್ಬರು. ಪಟ್ಟಿಗಳಿಗೆ ಯಾವ ಬಣ್ಣ ಅನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ನೀಲಿ ಆಕಾಶದ ಎದುರು ಚೆನ್ನಾಗಿ ಕಾಣುವುದು ಕೆಂಪು ಅಂತ ಒಂದು ಗುಂಪು, ಹಳದಿ ಅಂತ ಇನ್ನೊಂದು ಗುಂಪು. ಎರಡನ್ನೂ ಕಟ್ಟಿ ನೋಡೋಣ ಅಂದಿದ್ದೇನೆ.